2400ರ ಪಕ್ಕದಲ್ಲಿ 3200: ಹಳೆ ಕಂಪ್ಯೂಟರ್‌ಗೆ ರ‍್ಯಾಮ್ ಜೋಡಿಸಿದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಬಿಲ್ ಬುಕ್, ಜೊತೆಗೆ ಆನ್‌ಲೈನ್ ಅರ್ಜಿ. ಎಲ್ಲ ಕೆಲಸಕ್ಕೂ ಒಂದೇ ಕಂಪ್ಯೂಟರ್. ಇಂಟೆಲ್ ಐ3-8100 ಪ್ರೊಸೆಸರ್, ಎಚ್310 ಮದರ್‌ಬೋರ್ಡು, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್. ಫೋಟೋಶಾಪ್, ಕೋರಲ್‌ಡ್ರಾ, ನುಡಿ, ಕ್ರೋಮ್ ನಾಲ್ಕೂ ಬೆಳಿಗ್ಗೆಯಿಂದ ರಾತ್ರಿವರೆಗೆ ತೆರೆದೇ ಇರುತ್ತವೆ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಅದರ ಬೆನ್ನಿಗೇ ಲಗ್ನದ ಸೀಸನ್. ಸರಿಯಾಗಿ ಅದೇ ಹೊತ್ತಿಗೆ ಮಷೀನ್ ಒದ್ದಾಡತೊಡಗಿತು.

ಯಾಕೆ ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. 20 ಅಡಿ ಅಗಲ, 10 ಅಡಿ ಎತ್ತರದ ಬ್ಯಾನರನ್ನು ಇಂಚಿಗೆ 72 ಚುಕ್ಕಿ, ಅಂದರೆ 72 ಡಿಪಿಐನಲ್ಲಿ ತೆರೆದರೂ ಅಗಲಕ್ಕೆ 17,280, ಎತ್ತರಕ್ಕೆ 8,640 ಪಿಕ್ಸೆಲ್ ಆಗುತ್ತದೆ. ಒಟ್ಟು ಹತ್ತಿರ ಹತ್ತಿರ 15 ಕೋಟಿ. ಪ್ರಿಂಟಿಗೆ ಬಳಸುವ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿ ಒಂದು ಪಿಕ್ಸೆಲ್‌ಗೆ 4 ಬೈಟ್. ಅಂದರೆ ಪೂರ್ತಿ ತುಂಬಿದ ಒಂದು ಲೇಯರ್‌ಗೇ ಸುಮಾರು 600 ಎಂಬಿ. ಹಿನ್ನೆಲೆ ಒಂದು, ಅದರ ಮೇಲೆ ಬಣ್ಣದ ನೆರಳು, ಗುಡಿಯ ಚಿತ್ರ, ಸುತ್ತ ಮುಖಂಡರ ಸಾಲು ಸಾಲು ಫೋಟೋ. 8 ಜಿಬಿ ಯಾವ ಮೂಲೆಗೆ? ರ‍್ಯಾಮ್ ತುಂಬಿದ ಮೇಲೆ ಫೋಟೋಶಾಪ್ ಡಿಸ್ಕ್ ಮೇಲೆ ಬರೆಯುತ್ತದೆ. ಆಗ ಒಂದು ಅಕ್ಷರ ಸರಿಸಿದರೂ ಗಿರಾಕಿ ಎದುರಿಗೆ ಸುಮ್ನೆ ಕೂತು ಕಾಯಬೇಕು.

ಬೋರ್ಡಿನಲ್ಲಿ ಒಂದು ಸ್ಲಾಟ್ ಖಾಲಿ ಇತ್ತು. ಇನ್ನೊಂದು 8 ಜಿಬಿ ಹಾಕಿದರೆ ಮುಗಿಯಿತು ಅನ್ನುವಷ್ಟು ಸುಲಭದ ಕೆಲಸ. ತೊಡಕು ಒಂದೇ. ನಮ್ಮಲ್ಲಿದ್ದದ್ದು 2400ರ ಸ್ಟಿಕ್. ಈ ಸಂಖ್ಯೆ ಡೇಟಾ ಸಾಗಿಸುವ ವೇಗದ್ದು. ಅಂಗಡಿಗಳಲ್ಲಿ ಈಗ ಹೊಸದಾಗಿ ಸಿಗುವುದು ಹೆಚ್ಚಾಗಿ 3200. ಹಳೆಯದನ್ನು ತೆಗೆದು ಒಂದೇ ಬಗೆಯ ಹೊಸ ಜೋಡಿ ಹಾಕೋಣ ಅಂದರೆ ಬೆಲೆ ಬಿಡುತ್ತಿಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ದರ ಏರಿದ್ದು ಎಲ್ಲರಿಗೂ ಗೊತ್ತೇ ಇದೆ. ಹಿಂದೆ ಯೋಚನೆ ಮಾಡದೆ ಕೊಳ್ಳುತ್ತಿದ್ದ ವಸ್ತು ಈಗ ಹತ್ತು ಸಲ ಯೋಚಿಸುವಂತೆ ಮಾಡಿದೆ.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ, ಗೇಮ್ ಹುಚ್ಚು. ಅವನದು ಒಂದೇ ಮಾತು. "ಮಾಮಾ, ಬ್ಯಾರೆ ಬ್ಯಾರೆ ಸ್ಪೀಡಿನವು ಕೂಡಿಸಬ್ಯಾಡ್ರಿ. ಮಷೀನೇ ಹಾಳಾಗ್ತದ. 2400ಕ್ಕ 2400ನೇ ಹುಡುಕ್ರಿ."

ಹಾಳಾಗುತ್ತದೆ ಅನ್ನುವುದನ್ನು ನಾನು ನಂಬಲಿಲ್ಲ. ಪ್ರತಿ ಸ್ಟಿಕ್ ಮೇಲೂ ಎಸ್‌ಪಿಡಿ ಅನ್ನುವ ಪುಟ್ಟ ಚಿಪ್ ಇರುತ್ತದೆ. ಈ ಸ್ಟಿಕ್ ಗರಿಷ್ಠ ಎಷ್ಟು ವೇಗದಲ್ಲಿ ಓಡಬಲ್ಲದು, ಪ್ರತಿ ಹೆಜ್ಜೆಗೆ ಎಷ್ಟು ಕಾಯಬೇಕು ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತದೆ. ಈ ಲೆಕ್ಕಗಳನ್ನು ಗೊತ್ತು ಮಾಡುವುದು ಜೆಡೆಕ್ ಎಂಬ ಸಂಸ್ಥೆ. ಕಂಪ್ಯೂಟರ್ ಆನ್ ಮಾಡಿದಾಗ ಬೋರ್ಡಿನೊಳಗಿನ ಮೂಲ ತಂತ್ರಾಂಶ ಬಯೋಸ್ ಎಲ್ಲ ಸ್ಟಿಕ್‌ಗಳ ಎಸ್‌ಪಿಡಿ ಓದಿ, ಎಲ್ಲದಕ್ಕೂ ಆಗಿಬರುವ ವೇಗವನ್ನು ಆರಿಸಿಕೊಳ್ಳುತ್ತದೆ. ವೇಗದ ಸ್ಟಿಕ್ ನಿಧಾನ ಓಡುತ್ತದೆ, ಅಷ್ಟೇ. ಸುಡುವುದೂ ಇಲ್ಲ, ಹಾಳಾಗುವುದೂ ಇಲ್ಲ. ಆದರೆ ಯಾವ ಸಂಖ್ಯೆಗೆ ಬಂದು ನಿಲ್ಲುತ್ತದೆ ಅನ್ನುವುದರಲ್ಲಿ ಆಟ ಇದೆ. ಡಬ್ಬಿ ಮೇಲೆ ಬರೆದ ಎರಡು ಸಂಖ್ಯೆಗಳಲ್ಲಿ ಸಣ್ಣದು ಯಾವುದೋ ಅಲ್ಲಿಗೆ ನಿಲ್ಲುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಯಾವಾಗಲೂ ಹಾಗಲ್ಲ.

ಮೊದಲು ಇರುವುದು ಏನು ಅಂತ ನೋಡಿದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮರಿ. ಅಲ್ಲಿ ವೇಗ 2400 ಅಂತಲೂ, ಎರಡರಲ್ಲಿ ಒಂದು ಸ್ಲಾಟ್ ಬಳಕೆಯಲ್ಲಿದೆ ಅಂತಲೂ ಇತ್ತು. ಸಿಪಿಯು-ಝಡ್ ಎಂಬ ತಂತ್ರಾಂಶ ತೆರೆದರೆ 1200ರ ಆಸುಪಾಸು ತೋರಿಸುತ್ತದೆ. ಅದನ್ನು ನೋಡಿ ಗಾಬರಿ ಬೀಳಬೇಡಿ. ಡಿಡಿಆರ್ ಮೆಮರಿ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ. 1200 ಬಡಿತಕ್ಕೆ 2400 ಸಾಗಾಟ. ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋದವರನ್ನೂ ನೋಡಿದ್ದೇನೆ.

ಆಮೇಲೆ ಸಿಪಿಯು ಡಬ್ಬಿ ತೆರೆದು ಸ್ಟಿಕ್ ಮೇಲಿನ ಚೀಟಿ ಓದಿದೆ. 8 ಜಿಬಿ, 1ಆರ್×8, ಪಿಸಿ4-2400ಟಿ. ಈ ಚೀಟಿಯನ್ನು ಯಾರೂ ಓದುವುದಿಲ್ಲ, ಆದರೆ ಇರುವ ವಿಷಯವೆಲ್ಲ ಅಲ್ಲೇ ಇದೆ. ಪಿಸಿ4 ಅಂದರೆ ಡಿಡಿಆರ್4. 1ಆರ್ ಅಂದರೆ ಒಟ್ಟಾಗಿ ಕೆಲಸ ಮಾಡುವ ಚಿಪ್‌ಗಳ ಒಂದೇ ಗುಂಪು, ಅಂದರೆ ಒಂದು ರ‍್ಯಾಂಕ್. ×8 ಅಂದರೆ ಪ್ರತಿ ಚಿಪ್ 8 ಬಿಟ್ ಅಗಲ. ಕೊನೆಯ ಟಿ ಅಕ್ಷರ 17-17-17 ಟೈಮಿಂಗ್, ಅಂದರೆ ಪ್ರತಿ ಹೆಜ್ಜೆಗೆ ಎಷ್ಟು ಬಡಿತ ಕಾಯಬೇಕು ಅನ್ನುವುದನ್ನು ಹೇಳುತ್ತದೆ. 2666ರಲ್ಲಿ ಅದು ವಿ, ಅಂದರೆ 19-19-19. ಸಾದಾ 3200ರಲ್ಲಿ ಎಎ, 22-22-22. ಸಂಖ್ಯೆ ದೊಡ್ಡದಾದರೆ ಸ್ಟಿಕ್ ನಿಧಾನ ಅಂತಲ್ಲ. ಒಂದೊಂದು ಬಡಿತವೇ ಚಿಕ್ಕದಾಗಿರುತ್ತದೆ. 2400ರಲ್ಲಿ 17 ಬಡಿತಕ್ಕೆ ಸುಮಾರು 14.2 ನ್ಯಾನೊಸೆಕೆಂಡ್, 3200ರಲ್ಲಿ 22 ಬಡಿತಕ್ಕೆ 13.75. ಹೆಚ್ಚು ಕಡಿಮೆ ಒಂದೇ.

ಸಿಪಿಯು ಡಬ್ಬಿಯನ್ನೇ ಆಟೋದಲ್ಲಿ ಹಾಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಫೋನಿನಲ್ಲಿ ಕೇಳಿ ತರಿಸುವುದಕ್ಕಿಂತ ಇದು ಉತ್ತಮ. ಅಲ್ಲೇ ಹಾಕಿ, ಅಲ್ಲೇ ನೋಡಿ, ಆಗದಿದ್ದರೆ ಅಲ್ಲೇ ವಾಪಸ್. ಬೇರೆ ಊರಿಂದ ತರಿಸಬೇಕು ಅಂದರೆ ನಮಗೆ ಹತ್ತಿರದ ದೊಡ್ಡ ಬಜಾರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್. ಬೆಂಗಳೂರಿನ ಎಸ್‌ಪಿ ರೋಡ್ ಇನ್ನೂ ದೂರ. ಒಂದು ರ‍್ಯಾಮ್‌ಗೆ ಅಷ್ಟು ಓಡಾಟ ಯಾರಿಗೆ ಬೇಕು?

ಅಂಗಡಿಯ ಅಣ್ಣ ಹಳೆಯ ಪರಿಚಯ. ವಿಷಯ ಕೇಳಿದ ಕೂಡಲೇ ನಕ್ಕ. "ನಡೀತದ ಹಾಕ್ರಿ, ಏನೂ ಆಗಲ್ಲ. ಜೋಡೆತ್ತಿನಾಗ ಒಂದು ಸಾವಕಾಶ ನಡೆಯೋದಿದ್ರ ಇನ್ನೊಂದೂ ಸಾವಕಾಶ ನಡೀತದ, ಅಷ್ಟೇ ಅಲ್ರೀ?" ಮಾತು ಸರಿ. ಆದರೆ ಸಾವಕಾಶ ನಡೆದರೂ ಎರಡು ಎತ್ತು ಎಳೆಯುವ ಭಾರ ಒಂದಕ್ಕಿಂತ ಜಾಸ್ತಿ. ಅದನ್ನು ಅವನು ಹೇಳಲಿಲ್ಲ, ಮುಂದೆ ಹೇಳುತ್ತೇನೆ.

ಅಳಿಯ ಜೊತೆಗೇ ಬಂದಿದ್ದ. ಅವನ ಸಮಾಧಾನಕ್ಕೆ ಮೊದಲು 2400ರದ್ದೇ ಕೇಳಿದೆವು. ಯಾವುದೋ ಆಫೀಸಿನ ಮಷೀನಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಸ್ಟಿಕ್ ಒಂದಿತ್ತು. 8 ಜಿಬಿ, 1ಆರ್×8, 2400ಟಿ. ಕಂಪನಿಯೂ ನಮ್ಮ ಹಳೆ ಸ್ಟಿಕ್ಕಿನದೇ. ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ ಅಂತ ಅಳಿಯ ಖುಷಿಯಾದ. ಹಾಕಿದೆವು, ವಿಂಡೋಸ್ ಬಂತು, 16 ಜಿಬಿ ತೋರಿಸಿತು. ಆದರೂ ನಾನು ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಪ್ಲಸ್ ಹಾಕಿಕೊಂಡು ಹೋಗಿದ್ದೆ. ಅದು ವಿಂಡೋಸ್ ಇಲ್ಲದೆ ನೇರ ಬೂಟ್ ಆಗಿ, ರ‍್ಯಾಮಿನ ಪ್ರತಿ ಜಾಗದಲ್ಲೂ ಬರೆದು, ಓದಿ, ತಾಳೆ ನೋಡುತ್ತದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಪರದೆ ತುಂಬ ಕೆಂಪು ಸಾಲು. ನಮ್ಮ ಹಳೆಯದನ್ನು ತೆಗೆದು ಆ ಸ್ಟಿಕ್ ಒಂದನ್ನೇ ಇಟ್ಟು ನೋಡಿದೆವು, ಆಗಲೂ ಕೆಂಪು. ಚಿನ್ನದ ಬಣ್ಣದ ಪಿನ್‌ಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದರೂ ಅದೇ ಕಥೆ. ವೇಗ ಕೂಡಿತ್ತು, ಟೈಮಿಂಗ್ ಕೂಡಿತ್ತು, ಸ್ಟಿಕ್ಕೇ ಸತ್ತಿತ್ತು. ವಿಂಡೋಸ್ ಬಂತು ಅಂತ ಮನೆಗೆ ತಂದಿದ್ದರೆ, ಯಾವಾಗಲೋ ಒಮ್ಮೆ ನೀಲಿ ಪರದೆ, ಕೆಟ್ಟುಹೋದ ಪಿಎಸ್‌ಡಿ ಫೈಲ್. ಆಗ ಕಾರಣ ಎಲ್ಲಿ ಅಂತ ಹುಡುಕುವುದು?

ಎರಡನೆಯದು ಗೇಮಿಂಗ್ ಸ್ಟಿಕ್. ಮೇಲೆ ಕಪ್ಪು ಲೋಹದ ಹೊದಿಕೆ, 3200, ಸಿಎಲ್16, ಅಂದರೆ ಮೊದಲ ಟೈಮಿಂಗ್ 16. ಅಣ್ಣ ಇದನ್ನೇ ಮಾರಬೇಕು ಅಂತಿದ್ದ. ಬೆಲೆಯೂ ಜಾಸ್ತಿ. ಹಾಕಿ ಆನ್ ಮಾಡಿದೆವು. ಟಾಸ್ಕ್ ಮ್ಯಾನೇಜರ್ ನೋಡಿ ಅಳಿಯ ಬಾಯಿ ಬಿಟ್ಟ. 2133! ನಮ್ಮ ಹಳೆಯ 2400 ಕೂಡ ಕೆಳಗಿಳಿದಿತ್ತು. 2400ಕ್ಕೆ 3200 ಸೇರಿಸಿದರೆ 2133 ಹೇಗೆ?

ಗೇಮಿಂಗ್ ಸ್ಟಿಕ್ ಡಬ್ಬಿ ಮೇಲಿನ 3200 ಜೆಡೆಕ್ ಪಟ್ಟಿಯ ವೇಗವಲ್ಲ. ಅದು ಎಕ್ಸ್‌ಎಂಪಿ ಎಂಬ ಬೇರೆ ಪಟ್ಟಿಯಲ್ಲಿ ಇರುತ್ತದೆ. ಬಯೋಸ್‌ಗೆ ಹೋಗಿ ನಾವೇ ಅದನ್ನು ಚಾಲೂ ಮಾಡಬೇಕು. ಸಾಮಾನ್ಯವಾಗಿ ವೋಲ್ಟೇಜ್ ಕೂಡ 1.2ರಿಂದ 1.35ಕ್ಕೆ ಏರುತ್ತದೆ. ಅದನ್ನು ಚಾಲೂ ಮಾಡದಿದ್ದರೆ ಸ್ಟಿಕ್ ತನ್ನ ಮೂಲ ಪಟ್ಟಿಯಲ್ಲಿರುವಷ್ಟೇ ಓಡುತ್ತದೆ. ಇಂಥ ಸ್ಟಿಕ್‌ಗಳಲ್ಲಿ ಆ ಮೂಲ ವೇಗ 2133, 2400 ಅಥವಾ 2666 ಇರಬಹುದು. ಇದರಲ್ಲಿ 2133 ಇತ್ತು. ಇನ್ನು ನಮ್ಮ ಬೋರ್ಡು ಎಚ್310, ಮೆಮರಿಯನ್ನು ನಿಗದಿ ವೇಗ ಮೀರಿಸಿ ಓಡಿಸಲು, ಅಂದರೆ ಓವರ್‌ಕ್ಲಾಕ್ ಮಾಡಲು ಬಿಡುವ ಜಾತಿಯದ್ದಲ್ಲ. ಐ3-8100ಕ್ಕೆ ಇಂಟೆಲ್ ಕೊಟ್ಟ ಮಿತಿಯೇ 2400. ಏನು ಮಾಡಿದರೂ 3200 ನಮಗೆ ಸಿಗುವುದೇ ಇಲ್ಲ.

ಆದರೂ 2133 ಅಂದಕೂಡಲೇ ನಷ್ಟ ಅಂತ ಅಂದುಕೊಳ್ಳಬೇಕಿಲ್ಲ. ಎತ್ತಿನ ಮಾತು ಇಲ್ಲಿಗೇ ಬರುತ್ತದೆ. ಒಂದು ಸ್ಟಿಕ್ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ. 2400ರಲ್ಲಿ ಸೆಕೆಂಡಿಗೆ 19.2 ಜಿಬಿ. ಎರಡು ಸ್ಟಿಕ್ ಎರಡು ಬೇರೆ ದಾರಿಗಳಲ್ಲಿ, ಅಂದರೆ ಎರಡು ಚಾನೆಲ್‌ಗಳಲ್ಲಿ ಕೂತರೆ ಸಾಗಾಟ ಎರಡು ಪಟ್ಟು. 2133ರ ಜೋಡಿ ಕೂಡ ಸೆಕೆಂಡಿಗೆ ಸುಮಾರು 34 ಜಿಬಿ ಸಾಗಿಸಬಲ್ಲದು. 2400ರ ಜೋಡಿ 38.4. ಇವು ಕಾಗದದ ಮೇಲಿನ ಲೆಕ್ಕ, ಕೆಲಸದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದರೂ ಒಂಟಿ ಸ್ಟಿಕ್‌ಗೆ ಹೋಲಿಸಿದರೆ ನಿಧಾನದ ಜೋಡಿಯೇ ವಾಸಿ. ನಮ್ಮ ಮಷೀನಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪರದೆಯ ಕೆಲಸವೂ ಇದೇ ರ‍್ಯಾಮಿನಿಂದ ನಡೆಯಬೇಕು. ಅಲ್ಲಿ ಈ ಲಾಭ ಕಣ್ಣಿಗೇ ಕಾಣುತ್ತದೆ.

ಹಾಗಾಗಿ ಗೇಮಿಂಗ್ ಸ್ಟಿಕ್ ಬೇಡ ಅಂದದ್ದು ನಿಧಾನ ಅಂತಲ್ಲ. ನಮ್ಮ ಬೋರ್ಡು ಬಳಸಲಾರದ ವೇಗಕ್ಕೆ, ಮುಚ್ಚಿದ ಡಬ್ಬಿಯೊಳಗೆ ಕಾಣದ ಹೊದಿಕೆಗೆ ಹೆಚ್ಚು ದುಡ್ಡು ಯಾಕೆ ಕೊಡಬೇಕು?

"ಸಾದಾ ಹಸಿರು ಸ್ಟಿಕ್ ಇಲ್ಲೇನಣ್ಣಾ?" ಅಂತ ಕೇಳಿದೆ. ಇತ್ತು. ಒಂದಲ್ಲ, ಎರಡು ಬಗೆಯದ್ದು. ಎರಡೂ 8 ಜಿಬಿ, ಎರಡೂ 3200ಎಎ. ಆದರೆ ಒಂದರ ಮೇಲೆ ನಾಲ್ಕೇ ಚಿಪ್, 1ಆರ್×16 ಅಂತ ಚೀಟಿ. ಇನ್ನೊಂದರ ಮೇಲೆ ಎಂಟು ಚಿಪ್, 1ಆರ್×8. ನಾಲ್ಕು ಚಿಪ್ಪಿನದ್ದು ಕೆಟ್ಟದ್ದಲ್ಲ. ಅದರಲ್ಲಿ ಡೇಟಾ ಇಡುವ ಒಳಕೋಣೆಗಳ ಗುಂಪುಗಳು, ಅಂದರೆ ಬ್ಯಾಂಕ್ ಗುಂಪುಗಳು, ನಾಲ್ಕರ ಬದಲು ಎರಡೇ ಇರುತ್ತವೆ, ಹಾಗಾಗಿ ಅದೇ ವೇಗದಲ್ಲೂ ಸ್ವಲ್ಪ ಹಿಂದೆ ಬೀಳುತ್ತದೆ. ಬೆಲೆ ಒಂದೇ ಇದ್ದ ಮೇಲೆ ಎಂಟು ಚಿಪ್ಪಿನದ್ದೇ ಕೊಡಿ ಅಂದೆ. ನಮ್ಮ ಹಳೆಯದೂ 1ಆರ್×8 ತಾನೇ. 16 ಜಿಬಿಯ ಸ್ಟಿಕ್ ಹಾಕಿ 24 ಮಾಡಿಕೊಳ್ಳುವ ಆಸೆಯೂ ಇತ್ತು. ಹಾಗೆ ಮಾಡಿದರೂ ನಡೆಯುತ್ತದೆ. 8 ಮತ್ತು 8 ಜೋಡಿಯಾಗಿ, ಉಳಿದ 8 ಒಂಟಿಯಾಗಿ ಓಡುತ್ತದೆ. ಇಂಟೆಲ್ ಇದನ್ನು ಫ್ಲೆಕ್ಸ್ ಮೋಡ್ ಅನ್ನುತ್ತದೆ. ದರ ಕೇಳಿ ಆಸೆ ಅಲ್ಲೇ ಬಿಟ್ಟೆ.

ಹಾಕುವ ಕೆಲಸದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಉಳಿದ ಕರೆಂಟ್ ಖಾಲಿ ಮಾಡಬೇಕು. ಡಬ್ಬಿಯ ಲೋಹ ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ ಇಳಿಸಿಕೊಳ್ಳಬೇಕು. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಇದನ್ನು ಮರೆಯಬಾರದು. ಸ್ಲಾಟಿನಲ್ಲಿ ಕೂತ ಧೂಳನ್ನು ಬ್ರಷ್‌ನಿಂದ ತೆಗೆದೆವು. ಗಾಡಿಗಳ ರಸ್ತೆ ಪಕ್ಕದ ಅಂಗಡಿ, ಧೂಳಿಗೇನು ಬರ. ಕಚ್ಚು ನೋಡಿ ಇಟ್ಟು, ಕ್ಲಿಪ್ ಟಕ್ ಅನ್ನುವ ತನಕ ಒತ್ತಿದರೆ ಆಯಿತು. ಡಿಡಿಆರ್3 ಸ್ಟಿಕ್ ಆದರೆ ಕಚ್ಚು ಬೇರೆ ಕಡೆ ಇರುತ್ತದೆ, ಪಿನ್ ಕೂಡ 240. ಡಿಡಿಆರ್4ಕ್ಕೆ 288. ಡಿಡಿಆರ್5ಕ್ಕೂ 288 ಪಿನ್ನೇ, ಆದರೆ ಕಚ್ಚಿನ ಜಾಗ ಬೇರೆ. ವೇಗ ಬೆರೆಸಬಹುದು, ತಲೆಮಾರು ಬೆರೆಸಲಾಗದು. ಜೋರು ಮಾಡಿ ಒತ್ತಿದರೆ ಸ್ಲಾಟ್ ಮುರಿದೀತು.

ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿಯಿತು. ಫ್ಯಾನ್ ಮಾತ್ರ ತಿರುಗುತ್ತಿತ್ತು. ಅಳಿಯ ನನ್ನ ಮುಖ ನೋಡಿದ. "ತಡೀರಿ, ಕೈ ಹಚ್ಚಬ್ಯಾಡ್ರಿ," ಅಂದ ಅಂಗಡಿಯ ಅಣ್ಣ. ಹೊಸ ಸ್ಟಿಕ್ ಬಂದಾಗ ಬೋರ್ಡು ಟೈಮಿಂಗ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆ ನಡುವೆ ಬಟನ್ ಒತ್ತಿ ಆಫ್ ಮಾಡುವವರೇ ಜಾಸ್ತಿ. ಕಾದೆವು, ಬಂತು. 16 ಜಿಬಿ, 2400.

ಟೈಮಿಂಗ್ 17-17-17. 22ರ ಸ್ಟಿಕ್ 17ಕ್ಕೆ ಹೇಗೆ ಇಳಿಯಿತು ಅಂತ ಅಳಿಯ ಕೇಳಿದ. ಎಸ್‌ಪಿಡಿಯಲ್ಲಿ ಬರೆದಿರುವುದು ಬಡಿತಗಳ ಎಣಿಕೆಯಲ್ಲ, ಸಮಯ. ಆ ಸ್ಟಿಕ್‌ಗೆ ಬೇಕಾದದ್ದು 13.75 ನ್ಯಾನೊಸೆಕೆಂಡ್. 2400ರಲ್ಲಿ ಒಂದು ನ್ಯಾನೊಸೆಕೆಂಡಿಗೆ 1.2 ಬಡಿತ. ಗುಣಿಸಿದರೆ 16.5. ಅರ್ಧ ಬಡಿತ ಇಲ್ಲವಲ್ಲ, 17. ಪೇಪರಿನ ಮೇಲೆ ಬರೆದು ತೋರಿಸಿದ ಮೇಲೆ ಸುಮ್ಮನಾದ.

ರಾತ್ರಿ ಅಂಗಡಿ ಮುಚ್ಚುವಾಗ ಯುಪಿಎಸ್ ಮೇಲೆ ಮೆಮ್‌ಟೆಸ್ಟ್ ಹಚ್ಚಿ ಬಂದೆ. ಬೆಳಿಗ್ಗೆ ಬಂದು ನೋಡಿದರೆ ಒಂದೂ ತಪ್ಪಿಲ್ಲ. ಅದೇ ದಿನ ಜಾತ್ರೆಯ ಬ್ಯಾನರ್ ತೆರೆದೆ. ಫೋಟೋಶಾಪ್ 9 ಜಿಬಿ ದಾಟಿದರೂ ಡಿಸ್ಕ್‌ನ ದೀಪ ಮಿಣುಕಲಿಲ್ಲ.

ನನ್ನದು ಸಲೀಸಾಗಿ ಆಯಿತು ಅಂತ ಕೇಳಿ, ಸೇಡಂ ರೋಡಿನಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಕರೆದ. ಅವನದು ಲಗ್ನದ ವಿಡಿಯೋ ಕೆಲಸ. ಎಎಂಡಿಯ ರೈಜನ್ 5 3600 ಪ್ರೊಸೆಸರ್, ಬಿ450 ಬೋರ್ಡು, ನಾಲ್ಕು ಸ್ಲಾಟ್. 8 ಜಿಬಿಯ ಎರಡು ಗೇಮಿಂಗ್ ಸ್ಟಿಕ್ 3200ರಲ್ಲಿ ಓಡುತ್ತಿದ್ದವು. ಹಳೆ ಮಷೀನಿನಿಂದ ತೆಗೆದ 2666ರ ಒಂದು ಜೋಡಿ ಡ್ರಾವರಿನಲ್ಲಿ ಬಿದ್ದಿತ್ತು. ಡ್ರೋನ್‌ನ 4ಕೆ ವಿಡಿಯೋ ಎಡಿಟ್ ಮಾಡುವಾಗ 16 ಜಿಬಿ ಸಾಲುತ್ತಿರಲಿಲ್ಲ.

ಇಲ್ಲಿ ಸಲೀಸಿರಲಿಲ್ಲ. ಬೋರ್ಡಿನಲ್ಲಿ ಎಕ್ಸ್‌ಎಂಪಿ ಚಾಲೂ ಇತ್ತು. ಅಂದರೆ ನಾಲ್ಕೂ ಸ್ಟಿಕ್‌ಗಳನ್ನು 3200ಕ್ಕೆ ಓಡಿಸಲು ಅದು ಹೊರಟಿತು. 2666ರವು ಒಪ್ಪಲಿಲ್ಲ. ಮಷೀನ್ ಆನ್ ಆಗುವುದು, ಆಫ್ ಆಗುವುದು, ಮತ್ತೆ ಆನ್. ಕೊನೆಗೆ ತಾನೇ ಸೋತು ಡಿಫಾಲ್ಟ್‌ಗೆ ಬಂದು ನಿಂತಿತು. ಅಲ್ಲಿಯೂ 2133! ಗೇಮಿಂಗ್ ಸ್ಟಿಕ್‌ಗಳ ಮೂಲ ವೇಗ ಮತ್ತೆ ಅದೇ. ನನ್ನ ಬೋರ್ಡು ಬೀಗ ಹಾಕಿದ್ದರಿಂದಲೇ ನನಗೆ ಈ ತಲೆನೋವು ಬರಲಿಲ್ಲ ಅನ್ನುವುದು ಆಗ ಅರ್ಥವಾಯಿತು. ವೇಗದ ಬಾಗಿಲು ತೆರೆದಿರುವ ಬೋರ್ಡಿನಲ್ಲೇ ಬೆರಕೆ ಕಷ್ಟ.

ಸ್ಲಾಟ್‌ಗಳನ್ನು ಮೊದಲು ಸರಿ ಮಾಡಿದೆವು. ಎ, ಬಿ ಅಂದರೆ ಎರಡು ಚಾನೆಲ್. ಒಂದು ಜೋಡಿ ಎ2, ಬಿ2ರಲ್ಲಿ, ಇನ್ನೊಂದು ಎ1, ಬಿ1ರಲ್ಲಿ. ಆಗ ಪ್ರತಿ ಚಾನೆಲ್‌ಗೂ ಎರಡೂ ಬಗೆಯದ್ದು ಒಂದೊಂದು ಬರುತ್ತದೆ. ಆಮೇಲೆ ಎಕ್ಸ್‌ಎಂಪಿ ತೆಗೆದು ಕೈಯಿಂದ 2666, 19-19-19-43, 1.2 ವೋಲ್ಟ್ ಹಾಕಿದೆವು. ಬಂತು. 2933ಕ್ಕೆ ಏರಿಸೋಣವಾ ಅಂತ ಗೆಳೆಯ ಕೇಳಿದ. ಏರಿಸಿದೆವು, ವಿಂಡೋಸ್ ಕೂಡ ಬಂತು, ಮೆಮ್‌ಟೆಸ್ಟ್‌ನಲ್ಲಿ ಕೆಂಪು ಸಾಲು ಬಿದ್ದವು. ಈ ರೈಜನ್‌ಗೆ ಎರಡು ಸ್ಟಿಕ್ ಇದ್ದಾಗ 3200ರ ಮಿತಿ, ಒಂದು ರ‍್ಯಾಂಕಿನ ನಾಲ್ಕು ಸ್ಟಿಕ್ ಇದ್ದಾಗ 2933. ಅದೂ ಎಲ್ಲ ಸ್ಟಿಕ್‌ಗಳೂ ಆ ವೇಗದವೇ ಇದ್ದರೆ. 2666ರ ಸ್ಟಿಕ್‌ನಿಂದ ಅಷ್ಟು ಕೇಳುವುದು ನ್ಯಾಯವೂ ಅಲ್ಲ. ಮತ್ತೆ 2666ಕ್ಕೆ ತಂದು ರಾತ್ರಿಯಿಡೀ ಓಡಿಸಿದ. ತಪ್ಪಿಲ್ಲ.

ರೈಜನ್‌ನಲ್ಲಿ ರ‍್ಯಾಮಿನ ವೇಗ ಇಳಿದರೆ ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ಸಾಮಾನ್ಯವಾಗಿ ಅದರ ಜೊತೆ ಇಳಿಯುತ್ತದೆ. 3200ರಲ್ಲಿ ಅದು 1600, 2666ರಲ್ಲಿ 1333. ಹಾಗಾಗಿ ಅವನು ಕಳೆದುಕೊಂಡದ್ದು ನನಗಿಂತ ಜಾಸ್ತಿ. ಗೇಮ್ ಆಡುವವನಾಗಿದ್ದರೆ 16 ಜಿಬಿ, 3200ರಲ್ಲೇ ಬಿಡು ಅನ್ನುತ್ತಿದ್ದೆ. ಅವನಿಗೆ ಬೇಕಿದ್ದದ್ದು 32 ಜಿಬಿ.

ಲಗ್ನದ ಗದ್ದಲ ಸ್ವಲ್ಪ ತಗ್ಗಿದ ಮೇಲೆ ಪೋಸ್ಟರ್ ಪ್ರಿಂಟ್ ವಿಷಯಕ್ಕೆ ಅವನ ಸ್ಟುಡಿಯೋಗೆ ಹೋಗಿದ್ದೆ. ಹಾಗೇ ಟಾಸ್ಕ್ ಮ್ಯಾನೇಜರ್ ತೆರೆದೆ. 2133. ಕಂಪ್ಯೂಟರಿನ ಗಡಿಯಾರವೂ ಹಿಂದೆ ಬಿದ್ದಿತ್ತು. ಬೋರ್ಡಿನ ಸಿಆರ್2032 ಸೆಲ್ ಮುಗಿದಿತ್ತು. ರಾತ್ರಿ ಮೇನ್ ಸ್ವಿಚ್ ತೆಗೆದು ಹೋಗುವ ಅಭ್ಯಾಸ ಅವನದು, ಬಯೋಸ್ ಎಲ್ಲ ಮರೆತು ಡಿಫಾಲ್ಟ್‌ಗೆ ಹೋಗಿತ್ತು.

"ಏನೋ, ಇಷ್ಟು ದಿನ 2133ರಾಗೇ ಎಡಿಟ್ ಮಾಡ್ಲತ್ತಿದ್ದೇನು?"

"ಹೌದೇನು? ನನಗ ಗೊತ್ತೇ ಆಗಿಲ್ಲ ನೋಡು. ಛಲೋನೇ ನಡೀಲತ್ತಿತ್ತಲ್ಲ!"

ಹೊಸ ಸೆಲ್ ಹಾಕಿ, ಮತ್ತೆ 2666 ಮಾಡಿ, ಪೋಸ್ಟರಿನ ಅಳತೆ ಬರೆದುಕೊಂಡು ಬಂದೆ.